ಒಂದು ಕಾಲು ಹಡಗಿನೊಳಗೆ, ಒಂದು ಕಾಲು ಗೋವಾದಲ್ಲಿ

2023ರ ಚಳಿಗಾಲದಲ್ಲಿ ನಾನು ರಾಯಚೂರಿನ ಸ್ಟೇಷನ್ ರಸ್ತೆಯ ಒಂದು ಸಣ್ಣ ಟ್ರಾವೆಲ್ಸ್ ಆಫೀಸಿನಲ್ಲಿ ಟೂರ್ ಮ್ಯಾನೇಜರ್ ಆಗಿದ್ದೆ. ಅದಕ್ಕೂ ಮೊದಲು ಸರ್ಕಾರಿ ಬಸ್ಸುಗಳ ಟ್ರಾಫಿಕ್ ಕಂಟ್ರೋಲರ್. ಬಸ್ ನಿಲ್ದಾಣದ ಗೂಡಿನಂಥ ಕೋಣೆಯಲ್ಲಿ ಕುಳಿತು, ಯಾವ ಬಸ್ಸು ಯಾವಾಗ ಬಿಡಬೇಕೆಂದು ಮೈಕಿನಲ್ಲಿ ಕೂಗಿ, ಸೀಟಿ ಊದಿ ಬಿಡಿಸುವವನೇ ಕಂಟ್ರೋಲರ್. ಮಾನ್ವಿ, ದೇವದುರ್ಗ, ರಾಯಚೂರು, ಈ ಮೂರೇ ನಿಲ್ದಾಣಗಳಲ್ಲಿ ನನ್ನ ಇಡೀ ನೌಕರಿ ಮುಗಿಯಿತು. ನಿವೃತ್ತನಾದ ಮೇಲೆ ಮನೆಯಲ್ಲಿ ಕುಳಿತು, ಅಡುಗೆ ತಡವಾದಾಗಲೆಲ್ಲ ಗಡಿಯಾರ ತೋರಿಸತೊಡಗಿದೆ. ನನ್ನ ಹೆಂಡತಿ ಒಂದೇ ತಿಂಗಳು ಸಹಿಸಿಕೊಂಡಳು. ಆಮೇಲೆ ತಾನೇ ನನ್ನ ಗೆಳೆಯನಿಗೆ ಫೋನ್ ಮಾಡಿ ಅವನ ಟ್ರಾವೆಲ್ಸಿಗೆ ನನ್ನನ್ನು ಸೇರಿಸಿದಳು. ನಾನು ಕ್ರೂಸ್ ಪ್ರವಾಸಕ್ಕೆ ಜನರನ್ನು ಕರೆದೊಯ್ಯುತ್ತೇನೆಂದು ತಿಳಿದಾಗ ಮಾತ್ರ ನಕ್ಕು, "ಕ್ಯಾ ಜೀ, ಅಬ್ ಜಹಾಜ್ ಕೂ ಭೀ ಸೀಟಿ ಮಾರ್ತೇ ಕ್ಯಾ?" ಎಂದಳು. ಹಡಗಿಗೂ ಸೀಟಿ ಊದುತ್ತೀರಾ ಎಂದು ಅವಳ ಕುಚೋದ್ಯ. ಹಳೆಯ ಸೀಟಿ ಆಗಲೂ ನನ್ನ ಜೇಬಿನಲ್ಲಿತ್ತು, ಈಗಲೂ ಇದೆ.

ನೌಕರಿಯ ಉದ್ದಕ್ಕೂ ನನ್ನ ರಕ್ತ ಕುದಿಸಿದವರೆಂದರೆ ಬಸ್ ತಡೆಯುವವರು. ನಮ್ಮ ಕಡೆ ಇದೊಂದು ಪದ್ಧತಿ. ಮನೆಮಂದಿಯೆಲ್ಲ ಇನ್ನೂ ಚಹಾದಂಗಡಿಯಲ್ಲಿರುತ್ತಾರೆ, ಒಬ್ಬನನ್ನು ಮಾತ್ರ ಮುಂದೆ ಕಳಿಸುತ್ತಾರೆ. ಅವನು ಒಂದು ಕಾಲನ್ನು ಫುಟ್‌ಬೋರ್ಡ್ ಮೇಲೆ, ಇನ್ನೊಂದನ್ನು ನೆಲದ ಮೇಲೆ ಇಟ್ಟು, ಬಾಗಿಲ ಕಂಬಿ ಹಿಡಿದು ನಿಲ್ಲುತ್ತಾನೆ. ಹತ್ತು ಅಂದರೆ ಹತ್ತುವುದಿಲ್ಲ, ಇಳಿ ಅಂದರೆ ಇಳಿಯುವುದಿಲ್ಲ. ಕೇಳಿದರೆ ಒಂದೇ ಮಾತು: "ಬಂದ್ರು, ಬಂದ್ರು, ಅಕಾ ಬಂದ್ರು." ಅಗೋ ಬಂದರು ಎಂದರ್ಥ, ಆದರೆ ಯಾರೂ ಬಂದಿರುವುದಿಲ್ಲ. ಇಂಥವರ ಕಿವಿಯ ಹತ್ತಿರವೇ ಹೋಗಿ ಸೀಟಿ ಊದುವುದು ನನ್ನ ಕ್ರಮವಾಗಿತ್ತು. ಅದಕ್ಕಾಗಿ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ.

ಆ ಸಲದ ಪ್ರವಾಸ ಮುಂಬೈಯಿಂದ ಗೋವಾಕ್ಕೆ, ಅಲ್ಲಿಂದ ಮರಳಿ ಮುಂಬೈಗೆ. ಕ್ರೂಸ್ ಎಂದರೆ ಊಟ, ನಿದ್ದೆ, ಹಾಡು, ಕುಣಿತ ಎಲ್ಲ ಹಡಗಿನಲ್ಲೇ. ನಡುವೆ ಬಂದರಿನಲ್ಲಿ ನಿಂತಾಗ ಇಳಿದು ಊರು ನೋಡಿ ಬರಬಹುದು. ಹೊರಡುವ ಮೊದಲು ಮಾನ್ವಿಯಲ್ಲಿ ಒಂದು ಸಭೆ ಕರೆದು ಎಲ್ಲ ವಿವರಿಸಿದೆ. ಹಿರೇಕೊಟ್ನೆಕಲ್ಲಿನ ಶೇಖರಗೌಡರು ಹಡಗಿನಲ್ಲಿ ಬಿಸಿ ರೊಟ್ಟಿ ಸಿಗುತ್ತದೆಯೇ ಎಂದು ಕೇಳಿದರು. ಅವರ ಹೆಂಡತಿ ಗೌಡಸಾನಿ ವಾಂತಿಯ ಬಗ್ಗೆ ಕೇಳಿದರು. ಇನ್ನೊಬ್ಬರಿಗೆ ಕಿಟಕಿ ಸೀಟು ಬೇಕಿತ್ತು. ಹಿಂದಿನ ಸಾಲಿನಲ್ಲಿ ದೇವದುರ್ಗದ ನಾಗಮ್ಮ ಕುಳಿತಿದ್ದರು. ಸರ್ಕಾರಿ ಆಸ್ಪತ್ರೆಯಲ್ಲಿ ಆಯಾ ಆಗಿ ನಿವೃತ್ತರಾದವರು. ತಾಯಿ ಸಮುದ್ರ ನೋಡಬೇಕು ಅನ್ನುತ್ತಾಳೆಂದು, ಮೇಷ್ಟ್ರಾಗಿದ್ದ ಮಗ ಟಿಕೆಟ್ ಮಾಡಿಸಿದ್ದ. ಅವರು ಊಟ, ವಾಂತಿ, ಕಿಟಕಿ ಯಾವುದನ್ನೂ ಕೇಳಲಿಲ್ಲ.

"ಸಾಹೇಬ್ರ, ಹಡಗ ಗೋವಾದಾಗ ಎಷ್ಟೊತ್ತು ನಿಂದರ್ತದ?"

"ಬೆಳಿಗ್ಗೆಯಿಂದ ಸಂಜೆ ತನಕ ನಿಂದರ್ತದ, ಯವ್ವಾ."

"ಸಾಕು ಬಿಡ್ರಿ," ಎಂದು ಸೆರಗು ಸರಿಪಡಿಸಿಕೊಂಡು ಕುಳಿತರು. ನಾನೂ ಹೆಚ್ಚು ವಿಚಾರಿಸಲಿಲ್ಲ.

ಕ್ರೂಸಿಗೆ ಹೋಗುವವರಿಗೆ ನನ್ನ ಮೊದಲ ಸಲಹೆ ಇದು: ಹಡಗು ಹೊರಡುವ ದಿನವೇ ಮುಂಬೈ ಮುಟ್ಟುವ ರೈಲು ಹತ್ತಬೇಡಿ, ಒಂದು ದಿನ ಮೊದಲೇ ಹೋಗಿ. ರೈಲು ತಡವಾಗಬಹುದು, ಹಡಗು ಕಾಯುವುದಿಲ್ಲ. ಹೋಟೆಲನ್ನು ಬಂದರಿನ ಆಸುಪಾಸಿನಲ್ಲೇ ಹಿಡಿಯಿರಿ. ಬೆಳಿಗ್ಗೆ ತಲುಪುವವರಾದರೆ, ಕೋಣೆ ಮಧ್ಯಾಹ್ನದ ಮೇಲೆಯೇ ಸಿಗುವುದೆಂಬುದನ್ನು ಮರೆಯಬೇಡಿ. ನಾನು ಇದನ್ನು ಸಭೆಯಲ್ಲಿ ಹೇಳಿದ್ದೆ, ಯಾರೂ ಕೇಳಿಸಿಕೊಂಡಿರಲಿಲ್ಲ. ಪರಿಣಾಮವಾಗಿ ನಮ್ಮ ಮಂದಿ ಮುಂಬೈಯ ಹೋಟೆಲಿನ ಹೊಳೆಯುವ ನೆಲದ ಮೇಲೆ ಜಮಖಾನ ಹಾಸಿ, ಬೂದಿ ಬಣ್ಣದ ಸೂಟು ತೊಟ್ಟ ಮ್ಯಾನೇಜರನ ಕಾಲಬುಡದಲ್ಲೇ ಮಲಗಿಬಿಟ್ಟರು. ಗೌಡರ ಗೊರಕೆಗೆ ಹೆದರಿಯೋ ಏನೋ, ಕೋಣೆಗಳು ಬೇಗ ಸಿಕ್ಕವು.

ಎರಡನೆಯ ಸಲಹೆ: ಮನೆಯಲ್ಲಿ ಮಾಡಿದ ಊಟವನ್ನು ಹಡಗಿನೊಳಗೆ ಬಿಡುವುದಿಲ್ಲ. ಇದನ್ನೂ ಹೇಳಿದ್ದೆ. ಮರುದಿನ ಬಂದರಿನ ತಪಾಸಣೆಯಲ್ಲಿ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಸಾಲಾಗಿ ಹೊರಬಂದವು. ಎಸೆಯಿರಿ ಎಂದರು. ರೊಟ್ಟಿ ಎಸೆಯುವ ಜಾತಿ ನಮ್ಮದಲ್ಲ. ಎಲ್ಲರೂ ಅಲ್ಲೇ ದುಂಡಗೆ ಕುಳಿತು ತಿಂದರು. ಹಿಂದಿನ ಸಾಲಿನ ಗುಜರಾತಿ ಕುಟುಂಬಕ್ಕೂ ಬಡಿಸಿದರು, ಕೊನೆಗೆ ತಪಾಸಣೆಯ ಹೆಣ್ಣುಮಗಳಿಗೂ ಒಂದು ತುತ್ತು ಚಟ್ನಿ ದಕ್ಕಿತು. ಅವಳು ಖಾರಕ್ಕೆ ಕಣ್ಣಲ್ಲಿ ನೀರು ತುಂಬಿಕೊಂಡೇ ನಾಗಮ್ಮನ ಗಂಟನ್ನು ಬಿಚ್ಚಿಸಿದಳು.

ಅದರಲ್ಲಿ ರೊಟ್ಟಿ ಇರಲಿಲ್ಲ. ತಲೆಗೆ ಹಾಕುವ ಅಂಗೈಯಗಲದ ಒಂದು ಕುಂಚಿಗೆ, ಹಳೆ ಸೀರೆಗಳನ್ನು ಹೊಲಿದು ಮಾಡಿದ, ಕೂಸಿನ ಅಳತೆಯ ಒಂದು ಕೌದಿ, ಎರಡು ಪುಟ್ಟ ಅಂಗಿ.

"ಯಾರ ಕೂಸಿಗಿ ಯವ್ವಾ?" ಎಂದೆ.

ನಾಗಮ್ಮ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದಿಷ್ಟು. ಒಬ್ಬಳೇ ಮಗಳು ಸುನಂದಾ. ಅಳಿಯ ದೇವದುರ್ಗದಲ್ಲೇ ಇರುತ್ತೇನೆಂದು ಮಾತು ಕೊಟ್ಟು ಮದುವೆಯಾದ. ವರ್ಷ ತುಂಬುವುದರೊಳಗೆ ಗೋವಾದ ವಾಸ್ಕೋದಲ್ಲಿ ಕೆಲಸ ಹಿಡಿದು, ಹೆಂಡತಿಯನ್ನೂ ತಂದೆತಾಯಿಯನ್ನೂ ಕರೆದುಕೊಂಡು ಹೊರಟ. ಬಸ್ ನಿಲ್ದಾಣದಲ್ಲಿ ದೊಡ್ಡ ರಂಪವಾಯಿತು. ಊರವರ ಎದುರಿಗೆ ನಾಗಮ್ಮ ಆಣೆ ಮಾಡಿದರು: ಗೋವಾಕ್ಕೆ ಹೋಗುವ ಬಸ್ಸಾಗಲಿ, ಗೋವಾದಲ್ಲಿ ಓಡುವ ಬಸ್ಸಾಗಲಿ, ಜೀವ ಇರುವತನಕ ಕಾಲಿಡುವುದಿಲ್ಲ. ಈಗ ಮಗಳಿಗೆ ಹೆಣ್ಣು ಕೂಸು ಹುಟ್ಟಿತ್ತು. ಬಾಣಂತನಕ್ಕೂ ಅವಳು ತವರಿಗೆ ಬಂದಿರಲಿಲ್ಲ.

"ಹಂಗಂದ್ರ ಆಣಿ ಮುರಿಯಾಕತ್ತೀರಿ," ಎಂದೆ.

"ಹೆಂಗ ಮುರೀತೀನ್ರಿ? ಬಸ್ ಹತ್ತಂಗಿಲ್ಲ ಅಂದೀನಿ. ಹಡಗ ಹತ್ತಂಗಿಲ್ಲ ಅಂದಿಲ್ಲ. ಸಮುದ್ರ ನೋಡಾಕ ಹೊಂಟೀನಿ. ಹಡಗ ತಾನಾ ಹೋಗಿ ಅಲ್ಲಿ ನಿಂತ್ರ ನಾ ಏನ್ ಮಾಡ್ಲಿ?"

ನನಗೆ ನಗು ತಡೆಯಲಾಗಲಿಲ್ಲ. ಆಗ ಅವರು ನನ್ನ ಮುಖವನ್ನೇ ದಿಟ್ಟಿಸಿ, "ಅವತ್ತು ಸೀಟಿ ಊದಿದವ್ರು ನೀವಾ ಅಲ್ಲೇನ್ರಿ? ಅಳಿಯಗ ಇನ್ನೊಂದೆರಡು ಮಾತು ಬೈದಿದ್ರ ನಾನಾ ಅತ್ತು ಸಮಾಧಾನ ಆಗ್ತಿದ್ದೆ. ನೀವು ಸೀಟಿ ಊದಿದ್ರಿ, ಬಸ್ ಹೋತು. ಆಣಿ ಅಷ್ಟಾ ಉಳೀತು," ಎಂದರು.

ನನಗೆ ಆ ದಿನದ ನೆನಪೇ ಇಲ್ಲ. ಊದಿದ್ದರೂ ತಪ್ಪೇನು? ಬಸ್ಸಿನ ವೇಳೆ ಆಗಿರಬೇಕು. ಹಾಗೆಂದು ಅವರಿಗೂ ಹೇಳಿದೆ. ಆದರೆ ಆ ಕುಂಚಿಗೆ ಮಾತ್ರ ಕಣ್ಣಿನಿಂದ ಮರೆಯಾಗಲಿಲ್ಲ.

ಹಡಗಿನ ಮೇಲಿನ ವೈಭವವನ್ನು ಬೇರೆಯವರು ಬೇಕಾದಷ್ಟು ಬರೆದಿದ್ದಾರೆ. ದೊಡ್ಡ ಬ್ಯಾಗುಗಳು ನಿಮ್ಮ ಕೋಣೆಗೆ ಸಂಜೆಯ ಹೊತ್ತಿಗೆ ಬರುತ್ತವೆ, ಆದ್ದರಿಂದ ಮಾತ್ರೆ ಮತ್ತು ಒಂದು ಜೊತೆ ಬಟ್ಟೆ ಕೈಚೀಲದಲ್ಲಿರಲಿ ಎಂಬುದಷ್ಟೇ ನನ್ನ ಮಾತು. ನಮ್ಮ ಗೌಡರು ಡೆಕ್ಕಿನ ಆರಾಮಕುರ್ಚಿಗಳ ಸಾಲಿಗೆಲ್ಲ ಟವೆಲ್ ಹಾಕಿ ಸೀಟು ಹಿಡಿದಿದ್ದನ್ನೂ, ಅವನ್ನೆಲ್ಲ ತೆಗೆಸಲು ನಾನು ಪಟ್ಟ ಪಾಡನ್ನೂ ಇಲ್ಲಿ ಬಿಡುತ್ತೇನೆ.

ಗೋವಾ ಬಂತು. ವಾಸ್ಕೋ ಪಕ್ಕದ ಬಂದರು. ಇಳಿಯುವ ಮುಂಚೆ ಎಲ್ಲರನ್ನೂ ನಿಲ್ಲಿಸಿ ಮೂರನೆಯ, ಅತಿ ಮುಖ್ಯವಾದ ಸಲಹೆ ಕೊಟ್ಟೆ: ಹಡಗಿನವರು ಕೊಟ್ಟ ಕಾರ್ಡು ಮತ್ತು ಆಧಾರ್ ಜೊತೆಗಿರಲಿ. ಹಡಗಿನ ಗಡಿಯಾರವೇ ನಿಮ್ಮ ಗಡಿಯಾರ. ಐದು ಗಂಟೆಗೆ ಎಲ್ಲರೂ ಒಳಗಿರಬೇಕೆಂದರೆ ನೀವು ನಾಲ್ಕಕ್ಕೇ ಬಂದಿರಬೇಕು. ದೂರದ ಬೀಚು ಬೇಡ, ಹತ್ತಿರದ್ದೇ ನೋಡಿ. ಹಡಗಿನಿಂದ ಬಂದರಿನ ಗೇಟಿನವರೆಗೆ ಬಂದರಿನವರದೇ ಬಸ್ಸು ಓಡಾಡುತ್ತದೆ, ಅದರಲ್ಲೇ ಹೋಗಿ ಬನ್ನಿ.

ಎಲ್ಲರೂ ಬಸ್ ಹತ್ತಿದರು. ನಾಗಮ್ಮ ಗಂಟು ಕಂಕುಳಲ್ಲಿಟ್ಟುಕೊಂಡು ನಡೆಯತೊಡಗಿದರು. ಕಾವಲುಗಾರನೊಬ್ಬ ಬೆನ್ನಟ್ಟಿದ, ಅವರು ನಿಲ್ಲಲಿಲ್ಲ. ಕಡೆಗೆ ಅವನೇ ಸೋತು ಅವರ ಜೊತೆ ಗೇಟಿನ ತನಕ ನಡೆದ. ಗೋವಾದಲ್ಲಿ ಓಡುವ ಬಸ್ಸು, ಆಣೆ ಆಣೆಯೇ.

ನಾಲ್ಕರ ಹೊತ್ತಿಗೆ ಎಲ್ಲರೂ ಮರಳಿದ್ದರು, ನಾಗಮ್ಮ ಬಿಟ್ಟು. ಫೋನ್ ಮಾಡಿದೆ. ಎತ್ತಿದವರು ಬೀಗಿತಿ, ಅಂದರೆ ಅಳಿಯನ ತಾಯಿ.

"ಮೊದಲ್ನೇ ಸರ್ತಿ ಬಂದಾರ್ರಿ, ಹೋಳಿಗಿ ಉಣ್ಣಲಾರದ ಹೆಂಗ ಕಳಸಾಣ? ಹೂರಣ ಇನ್ನಾ ರುಬ್ಬಾಕತ್ತೀವಿ."

"ಯವ್ವಾ, ಹಡಗ ಹೋಗ್ತದ್ರೀ!"

"ಹೋಗಂಗಿಲ್ಲ ಬಿಡ್ರಿ, ಬೀಗರು ಬಂದಿಲ್ಲಂತ ಹೇಳ್ರಿ. ಉಡಿ ತುಂಬಿ ಕಳಸ್ತೀವಿ."

ಬೀಗರ ಮನೆಯಿಂದ ಉಣ್ಣದೆ ಏಳುವಂತಿಲ್ಲ, ಸೆರಗಿನಲ್ಲಿ ಅಕ್ಕಿ, ಕೊಬ್ಬರಿಯ ಉಡಿ ತುಂಬಿಸಿಕೊಳ್ಳದೆ ಹೊಸ್ತಿಲು ದಾಟುವಂತಿಲ್ಲ. ಇದನ್ನು ಯಾವ ಹಡಗು ಕಂಪನಿಗೆ ಯಾರು ತಿಳಿಸಿ ಹೇಳಬೇಕು? ಹಡಗು ತಪ್ಪಿದರೆ ನಾಗಮ್ಮ ಊರಿಗೆ ಬರಬೇಕಾದದ್ದು ಅದೇ ಗೋವಾ ಬಸ್ಸಿನಲ್ಲಿ. ಇಳಿಯಬೇಕಾದದ್ದು ದೇವದುರ್ಗದ ಅದೇ ನಿಲ್ದಾಣದಲ್ಲಿ, ಆಣೆ ಕೇಳಿಸಿಕೊಂಡ ಅದೇ ಜನರ ಮುಂದೆ. ಆ ಅವಮಾನದ ಮೇಲೆ ಅವರು ಮಗಳ ಮುಖ ಮತ್ತೆ ನೋಡುವ ಹೆಂಗಸಲ್ಲ.

ಐದಾಯಿತು. ಹಡಗಿನಿಂದ ದಡಕ್ಕೆ ಇಳಿಬಿಟ್ಟ ಏಣಿಸೇತುವೆಗೆ ಗ್ಯಾಂಗ್‌ವೇ ಎನ್ನುತ್ತಾರೆ. ಅದನ್ನು ಎತ್ತುವ ತಯಾರಿ ನಡೆದಿತ್ತು. ನಾನು ಅದರ ಬಾಗಿಲಿಗೆ ಹೋಗಿ ನಿಂತೆ. ಅಲ್ಲಿದ್ದ ಸೆಕ್ಯುರಿಟಿ ಆಫೀಸರು ಬಹಳ ಸಭ್ಯರು. ಒಳಗೆ ಬರುತ್ತೀರೋ, ಹೊರಗೆ ಹೋಗುತ್ತೀರೋ ಎಂದು ಹಿಂದಿಯಲ್ಲಿ ಕೇಳಿದರು. ಹಿಂದಿನಿಂದ ಶೇಖರಗೌಡರು ಕಿವಿಯಲ್ಲಿ ಪಿಸುಗುಟ್ಟಿದರು.

"ಸಾಹೇಬ್ರ, ಎಡಗಾಲು ಒಳಗ, ಬಲಗಾಲು ಹೊರಗ. ಕಂಬಿ ಬಿಗೀ ಹಿಡೀರಿ. ನೀವು ಬರೀ ನಿಂತ್ರ ಸಾಕು, ಮುಂದಿಂದು ನಾವ್ ನೋಡ್ಕೋತೀವಿ."

ನಿಂತೆ. ಅಲ್ಲಾಹನೇ ಬಲ್ಲ, ಕಾಲು ತಾನಾಗಿಯೇ ಹೊರಬಿತ್ತು. ಆಫೀಸರು ಮತ್ತೆ ಕೇಳಿದರು. ನನ್ನ ಬಾಯಿಂದ ಹಿಂದಿಯಲ್ಲಿ ಬಂದದ್ದು ಬಸ್ ತಡೆಯುವವರ ಅದೇ ಮಾತು, "ಆ ರಹೀ ಹೈ, ಆ ರಹೀ ಹೈ, ವೋ ದೇಖೋ ಆ ಗಯೀ." ಬಂದರಿನ ಉದ್ದಕ್ಕೂ ಒಂದು ನಾಯಿ ಸಹ ಇರಲಿಲ್ಲ.

ಅಷ್ಟರಲ್ಲಿ ಗೌಡರು ತಮ್ಮ ಕಾರ್ಡನ್ನು ಯಂತ್ರಕ್ಕೆ ಮುಟ್ಟಿಸಿ ಕೆಳಗಿಳಿದರು. ಕಾರ್ಡು ಮುಟ್ಟಿಸಿ ಇಳಿದವರು ಹಡಗಿನ ಲೆಕ್ಕದಲ್ಲಿ ಹೊರಗಿನವರು. ಹಿಂದೆಯೇ ಗೌಡಸಾನಿ ಇಳಿದರು, ಅವರ ಹಿಂದೆ ಮಾನ್ವಿಯವರು, ಅವರ ಹಿಂದೆ ರಾಯಚೂರಿನವರು. ಒಬ್ಬರಿಗೆ ಚಪ್ಪಲಿ ಬಿಟ್ಟ ನೆನಪು, ಒಬ್ಬರಿಗೆ ಫೋಟೋ ತೆಗೆಯುವ ಆಸೆ. ಯಂತ್ರ ಟಿಂಗ್ ಟಿಂಗ್ ಎನ್ನುತ್ತಲೇ ಇತ್ತು. ಒಬ್ಬ ಮುದುಕಿಯನ್ನು ಬಿಟ್ಟು ಹೋಗಬಹುದು. ಒಂದು ತಾಲೂಕನ್ನು ಬಿಟ್ಟು ಹೋಗುವುದು ಹೇಗೆ? ಆಫೀಸರು ವಾಕಿಟಾಕಿಯಲ್ಲಿ ಮೇಲಿನವರೊಡನೆ ಮಾತಾಡಿದರು. ಮೇಲಿನಿಂದ ಬಂದ ಬೈಗುಳ ನನಗೂ ಕೇಳಿಸಿತು. ಸ್ವಲ್ಪ ಹೊತ್ತು, ಅಷ್ಟೇ ಎಂದರು.

ಆಗ ದೂರದಲ್ಲಿ ಬಂದರಿನ ಬಸ್ಸು ಕಾಣಿಸಿತು. ಅದು ಮನುಷ್ಯರು ನಡೆಯುವಷ್ಟೇ ನಿಧಾನವಾಗಿ ಬರುತ್ತಿತ್ತು. ಅದರ ಪಕ್ಕದಲ್ಲಿ, ಎರಡೂ ಕೈಯಲ್ಲಿ ಉಡಿ ಹಿಡಿದುಕೊಂಡು ನಾಗಮ್ಮ. ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿ ಬೇಡಿಕೊಳ್ಳುತ್ತಿದ್ದ, ಬಾಗಿಲಲ್ಲಿ ನಿಂತ ಕಾವಲುಗಾರ ಕೈ ಮುಗಿಯುತ್ತಿದ್ದ. ಅವರು ಯಾರನ್ನೂ ನೋಡದೆ, ಹೋಳಿಗೆಯ ಭಾರಕ್ಕೆ ಏದುಸಿರು ಬಿಡುತ್ತ ನಡೆಯುತ್ತಿದ್ದರು. ಹಡಗು ಒಮ್ಮೆ ಕೂಗಿತು.

ನಾನು ಜೇಬಿನಿಂದ ಸೀಟಿ ತೆಗೆದು ಉಸಿರಿರುವಷ್ಟೂ ಊದಿದೆ. ನಾಗಮ್ಮ ತಟ್ಟನೆ ನಿಂತರು.

"ದೇವದುರ್ಗದ ನಾಗಮ್ಮಾ," ಎಂದು ನಿಲ್ದಾಣದ ಆ ಹಳೆಯ ದನಿಯಲ್ಲಿ ಕೂಗಿದೆ, "ಬಸ್ ಬಿಡಾಕತ್ತದ, ಹತ್ರೀ ಮದಲ!"

ಅವರು ಬಸ್ಸು ನೋಡಿದರು, ಹಡಗು ನೋಡಿದರು, ತಿರುಗಿ ಗೇಟಿನ ಕಡೆ ನೋಡಿದರು. ಅಲ್ಲಿ ಕಂಬಿಗಳಾಚೆ ಮಗಳು ಕೂಸನ್ನು ಎತ್ತಿ ಹಿಡಿದಿದ್ದಳಂತೆ. ಕೂಸಿನ ತಲೆಯ ಮೇಲೆ ಆ ಕುಂಚಿಗೆ. ನಾಗಮ್ಮ ಬಲಗಾಲು ಮುಂದಿಟ್ಟು ಬಸ್ ಹತ್ತಿದರು. ಬಸ್ಸು ಹಾರಿದಂತೆ ಬಂತು.

ಏಣಿಸೇತುವೆ ಹತ್ತಿ ಬಂದ ನಾಗಮ್ಮ ಮೊದಲು ಆಫೀಸರ ಕೈಗೆ ಒಂದು ಹೋಳಿಗೆ ಇಟ್ಟರು. ನಿಯಮದ ಪ್ರಕಾರ ಅದನ್ನು ಒಳಗೆ ಬಿಡುವಂತಿರಲಿಲ್ಲ. ಆಫೀಸರು ಗ್ಯಾಂಗ್‌ವೇಯ ಹೊರಗೇ ನಿಂತು ತಿಂದು ನಿಯಮ ಉಳಿಸಿದರು. ಉಳಿದವನ್ನು ನಾವೂ ಅಲ್ಲೇ ಮುಗಿಸಿದೆವು.

"ಆಣಿ ಏನಾತು ಯವ್ವಾ?" ಎಂದೆ.

"ಏನೂ ಆಗಿಲ್ಲ. ಕಂಟ್ರೋಲರ್ ಹತ್ತು ಅಂದ್ರ ಹತ್ತಬೇಕು, ಅದು ಸರಕಾರಿ ಮಾತು. ಅವತ್ತು ಸೀಟಿ ಊದಿ ಕಟ್ಟಿದ್ರಿ, ಇವತ್ತು ನೀವಾ ಊದಿ ಬಿಚ್ಚಿದ್ರಿ." ಅಷ್ಟು ಹೇಳಿ ಸೆರಗಿನಿಂದ ಮುಖ ಒರೆಸಿಕೊಂಡರು. ಬೆವರೋ ಕಣ್ಣೀರೋ, ನಾನು ಕೇಳಲಿಲ್ಲ. ನನ್ನ ಕಣ್ಣೂ ನೆಟ್ಟಗಿರಲಿಲ್ಲ.

ಈ ಕೆಲಸ ನನಗೆ ಕಲಿಸಿದ್ದು ಒಂದು. ಪ್ರಯಾಣಿಕ ಎಲ್ಲಿಗೆ ಹೋಗುತ್ತಾನೆಂದು ಟಿಕೆಟ್ಟು ಹೇಳುತ್ತದೆ, ಯಾಕೆ ಹೋಗುತ್ತಾನೆಂದು ಅವನು ಕೇಳುವ ಮೊದಲ ಪ್ರಶ್ನೆ ಹೇಳುತ್ತದೆ. ಈಗ ನಾನು ಸಭೆಯಲ್ಲಿ ಸಲಹೆ ಕಡಿಮೆ ಕೊಡುತ್ತೇನೆ, ಪ್ರಶ್ನೆಗಳನ್ನು ಕಿವಿಗೊಟ್ಟು ಕೇಳುತ್ತೇನೆ.

ಮುಂದಿನ ಬೇಸಿಗೆಯಲ್ಲಿ ಏನೋ ಕೆಲಸದ ಮೇಲೆ ದೇವದುರ್ಗಕ್ಕೆ ಹೋಗಿದ್ದೆ. ನಿಲ್ದಾಣದಲ್ಲಿ ಗೋವಾ ಬಸ್ಸು ನಿಂತಿತ್ತು. ಬಾಗಿಲಲ್ಲಿ, ಒಂದು ಕಾಲು ಫುಟ್‌ಬೋರ್ಡ್ ಮೇಲೆ, ಒಂದು ಕಾಲು ನೆಲದ ಮೇಲೆ, ಕಂಬಿ ಬಿಗಿಹಿಡಿದ ನಾಗಮ್ಮ. ಮೊಮ್ಮಗಳ ತೊಟ್ಟಿಲು ತರಲು ಮಗ ಮನೆಗೆ ಹೋಗಿದ್ದನಂತೆ. "ಬಂದ, ಬಂದ, ಅಕಾ ಬಂದ," ಎನ್ನುತ್ತಿದ್ದರು. ಹೊಸ ಕಂಟ್ರೋಲರ್ ಸೀಟಿ ಬಾಯಿಗಿಟ್ಟುಕೊಂಡು ಸಿಟ್ಟಿನಿಂದ ಬಂದವನು, ನನ್ನನ್ನು ಕಂಡು, "ನೀವಾದ್ರೂ ಹೇಳ್ರಿ ಸಾಹೇಬ್ರ, ಈ ಮಂದಿಗಿ," ಎಂದ.

ನಾನು ರಸ್ತೆಯ ಕಡೆ ನೋಡಿದೆ. ಯಾರೂ ಬರುತ್ತಿರಲಿಲ್ಲ.

"ಅಕಾ, ಬಂದ ನೋಡಪ್ಪ," ಎಂದೆ.