ಮಾವನ ವಿಚ್ ಹೇಜಲ್

ಕ್ಷೌರ ಮುಗಿಸಿ ಹೊರಬಂದಾಗ ಮಾವನ ಕೆನ್ನೆ ಆಗಷ್ಟೇ ತಿಕ್ಕಿ ತೊಳೆದ ತಾಮ್ರದ ತಂಬಿಗೆಯಂತೆ ಕಾಣುತ್ತಿತ್ತು. ಗದ್ದದ ಗುಳಿಯಲ್ಲಿ ಮಾತ್ರ ಒಂದು ಚೂರು ನೊರೆ ಉಳಿದಿರುತ್ತಿತ್ತು.

ಧಾರವಾಡದಿಂದ ಈ ದೂರದೇಶದ ಕಾರ್ಕ್ ಊರಿನ ನಮ್ಮ ಮನೆಗೆ ಬರುವಾಗ, ಕ್ಷೌರದ ಮೇಲೆ ಉಜ್ಜಿಕೊಳ್ಳಲು ಪಟಕದ ಕಲ್ಲು ತಂದಿದ್ದರು. ಅದು ಬಚ್ಚಲಲ್ಲಿ ಬಿದ್ದು ಪುಡಿಯಾದಾಗ ಪಕ್ಕದ ಮನೆಯ ಅಜ್ಜಿ ಬೇಲಿಯ ಮೇಲಿಂದ ಒಂದು ಸೀಸೆ ಕೊಟ್ಟರು. ವಿಚ್ ಹೇಜಲ್, ಯಾವುದೋ ಗಿಡದ ತೊಗಟೆಯಿಂದ ಇಳಿಸಿದ, ನೀರಿನಂಥದು. ಅವರ ಗಂಡ ಬದುಕಿರುವತನಕ ಅದನ್ನೇ ಹಚ್ಚಿಕೊಳ್ಳುತ್ತಿದ್ದರಂತೆ. ಮಾವ ಮೂಸಿ, "ಮಳಿಯಾಗ ತೊಯ್ದ ಕಟ್ಟಿಗಿ ವಾಸನಿ ಐತಿ" ಎಂದರು. ಅಂದಿನಿಂದ ಅವರು ಅದನ್ನು ಕೆನ್ನೆಗೆ ಪಟಪಟ ಬಡಿದುಕೊಳ್ಳುವ ಸದ್ದಿಗೇ ನನಗೆ ಎಚ್ಚರವಾಗುತ್ತಿತ್ತು.

ಮಗಳ ಕಾಲಿಗೆ ಹಿತ್ತಲ ತುರಿಕೆಗಿಡ ತಾಗಿದರೂ ಅದೇ ಸೀಸೆ. "ಐಯಾಮ್ ಗ್ರ್ಯಾಂಡ್, ಅಜ್ಜಾ" ಎಂದು, ಏನೂ ಆಗಿಲ್ಲವೆಂಬುದನ್ನು ಈ ಊರಿನವರ ಹಾಗೆ ಹೇಳಿ ಅವಳು ಓಡಿದರೆ, "ಗ್ರ್ಯಾಂಡ್ ಇದ್ದಾಕಿ ಯಾಕ ಕೆರಕೋತೀ?" ಎಂದು ಹಿಂದೆಯೇ ಹೋಗುವರು.

ಮಾರ್ಚ್‌ನಲ್ಲಿ ಅವರು ಹೊರಡಬೇಕಿತ್ತು. ಅತ್ತೆ ಮಂಡಿನೋವೆಂದು ಇಲ್ಲಿಗೆ ಬಾರದೆ ಧಾರವಾಡದಲ್ಲಿ ನನ್ನ ನಾದಿನಿಯ ಜೊತೆ ಉಳಿದಿದ್ದರು. ಅಷ್ಟರಲ್ಲಿ ಕೊರೋನಾ ಬಂತು, ಶಾಲೆ ಮುಚ್ಚಿತು. ನಾನು ನರ್ಸ್, ಗಂಡನಿಗೆ ಔಷಧ ಕಾರ್ಖಾನೆಯ ಕೆಲಸ. ಇಬ್ಬರಿಗೂ ರಜೆಯಿಲ್ಲ. "ಇನ್ನೊಂದು ತಿಂಗಳು ಇದ್ದುಬಿಡಿ ಮಾವ, ಮಗೂನ ನೋಡ್ಕೊಳ್ಳೋರಿಲ್ಲ" ಎಂದು ಬೇಡಿದವಳು ನಾನೇ. ಅವರು "ಆತು ಬಿಡವ್ವಾ" ಎಂದರು. ಟಿಕೆಟ್ ಮುಂದೂಡಿದ ಮರುವಾರ ವಿಮಾನಗಳೇ ನಿಂತವು.

ಮಾಸ್ಕಿನ ಅಂಚು ಕೊರೆದು ನನ್ನ ಕೆನ್ನೆ ಕೆಂಪಗೆ ಬಾತಿರುತ್ತಿತ್ತು. ಸೊಸೆಯ ಮುಖ ಮುಟ್ಟುವವರಲ್ಲ ಅವರು. ನಾನು ಡ್ಯೂಟಿ ಮುಗಿಸಿ ಬರುವಷ್ಟರಲ್ಲಿ ವಿಚ್ ಹೇಜಲ್‌ನಲ್ಲಿ ನೆನೆಸಿದ ಹತ್ತಿಯನ್ನು ಬಟ್ಟಲಲ್ಲಿಟ್ಟಿರುತ್ತಿದ್ದರು. ಅದನ್ನು ಮುಖಕ್ಕೆ ಒತ್ತಿಕೊಳ್ಳುವಾಗ ಅವರು ಫೋನಿನಲ್ಲಿ ಅತ್ತೆಗೆ ಹೇಳುವುದು ಕೇಳಿಸುತ್ತಿತ್ತು: "ವಿಮಾನ ಬಿಟ್ಟಕೂಡಲೇ ಬರ್ತೀನಿ. ಗುಳಿಗಿ ತಪ್ಪಸಬ್ಯಾಡ."

ಮೇ ತಿಂಗಳಲ್ಲಿ ಅತ್ತೆ ಎದೆನೋವಿನಿಂದ ತೀರಿಕೊಂಡರು. ವಿಡಿಯೋ ಕಾಲ್‌ನಲ್ಲಿ ಮುಖ ತೋರಿಸುತ್ತೇನೆಂದು ನಾದಿನಿ ಹೇಳಿದಾಗ ಮಾವ ಎದ್ದು ರೇಜರ್ ತೆಗೆದುಕೊಂಡರು.

"ಈಗ ದಾಡಿ ಯಾಕಪ್ಪಾ?" ಎಂದ ನನ್ನ ಗಂಡ.

"ಗಡ್ಡ ಬೆಳದಿದ್ರ ಆಕಿಗೆ ಸೇರೂದಿಲ್ಲ. ಹಿಂಗ ಹ್ಯಾಂಗ ಹೋಗಲಿ ಆಕಿ ಮುಂದ?"

ಎರಡು ಕಡೆ ಕುಯ್ದುಕೊಂಡರು. ಅಂದು ಮೊದಲ ಸಲ ನಾನೇ ಅವರ ಕೆನ್ನೆಗೆ ಹತ್ತಿ ಒತ್ತಿದೆ. "ಉರೀತಾ ಮಾವ?" ಎಂದರೆ, "ಉರೀಲಿ ಬಿಡು" ಎಂದರು.

ಕೊನೆಗೆ ವಿಶೇಷ ವಿಮಾನವೊಂದು ಸಿಕ್ಕಿತು. ನಿಲ್ದಾಣದಲ್ಲಿ, "ಮಾವ, ಅವತ್ತು ನಿಮ್ಮನ್ನ ನಾನು ತಡೀಬಾರದಿತ್ತು" ಎಂದು ಶುರು ಮಾಡಿದೆ. "ಕೂಸಿಗೆ ಟೊಪ್ಪಿಗಿ ಹಾಕು, ಗಾಳಿ ಐತಿ" ಎಂದು ಮಾತು ಮುರಿದರು.

ಮರುವರ್ಷ ಎರಡನೆಯ ಅಲೆಯಲ್ಲಿ ಅವರೂ ಇಲ್ಲವಾದರು. ನಮಗೆ ಹೋಗಲಾಗಲಿಲ್ಲ. ನಾದಿನಿ ಫೋನಿನಲ್ಲಿ ಅಳುತ್ತಾ ಹೇಳಿದಳು: "ವೈನೀ, ಅಪ್ಪನ ಮ್ಯಾಲೆ ಒಂದು ಸಿಟ್ಟು ಹಂಗ ಉಳೀತು ನನಗ. ಮಾರ್ಚ್‌ನ್ಯಾಗ ಬಂದಿದ್ರ ಅವ್ವನ್ನ ನೋಡತಿದ್ದ. ನೀವು ಹೋಗ್ರಿ ಅಂದ್ರೂ ಮೊಮ್ಮಗಳನ್ನ ಬಿಟ್ಟು ಬರಾಕ ತನಗೇ ಮನಸಾಗಲಿಲ್ಲಂತ. ಅವನೇ ಹೇಳಿದ."

ಮಾವ ಅವಳಿಗೆ ಹಾಗೆ ಹೇಳಿದ್ದು ನನಗೆ ಗೊತ್ತಾದದ್ದು ಆಗಲೇ. ನಿಜ ಹೇಳಲು ಬಾಯಿ ತೆರೆದೆ.

"ಹಲೋ, ವೈನೀ? ಕೇಳಸ್ತೈತಿ?"

"ಕೇಳ್ತಾ ಇದೆ" ಎಂದೆ. ಅಷ್ಟೇ ಅಂದೆ.