ಕಫನ್ ಸುತ್ತಲು ಕಲಿತ ಮಧ್ಯಾಹ್ನ

ಕಣ್ಣು ಮುಚ್ಚಿ ಹಲಗೆಯ ಮೇಲೆ ಮಲಗಿದ್ದೆ. ಅತ್ತರಿನ ವಾಸನೆಯ ಬಿಳಿ ಕಫನ್ ಬಟ್ಟೆ ನನ್ನ ಮುಖದ ಮೇಲೆ ಇಳಿಯಿತು.

ಕೊಟ್ಟೂರಿನ ನಮ್ಮ ಓಣಿಯಲ್ಲಿ ತೀರಿಕೊಂಡ ಹೆಂಗಸರನ್ನು ತೊಳೆದು ಕಫನ್ ಸುತ್ತುವುದು ಮುದುಕಿ ಕಾಶಿಂಬೀ ಖಾಲಾ ಒಬ್ಬರಿಗೇ ಗೊತ್ತು. ಮದುವೆಯಾಗದ ಹುಡುಗಿಯರು ಹೆಣದ ಹತ್ತಿರ ಸುಳಿಯಬಾರದು ಎನ್ನುತ್ತಿದ್ದ ಹಿರಿಯರೇ ಈಗ ಕಾಲೇಜು ಓದುವ ನಮಗೆ ಅದನ್ನು ಕಲಿಸಲು ಒಪ್ಪಿದ್ದರು. ಹೆಣವಾಗಿ ಮಲಗುವ ಪಾಳಿ ಅವತ್ತು ನನ್ನದು.

ತಲೆಯ ಮೇಲೆ ಗಂಟು ಬಿಗಿಯಿತು. ಗೆಳತಿಯರ ನಗು ನಿಂತಿತು. ಖಾಲಾ ಬಗ್ಗಿ ನನ್ನ ಕಿವಿಯಲ್ಲಿ ಕೇಳಿದರು: "ಬಟ್ಟಿ ಮೆತ್ತಗೈತೇನವ್ವ? ಹಜ್‌ಗೆ ಹೋದಾಗ ಝಮ್‌ಝಮ್ ನೀರಾಗ ಅದ್ದಿ ತಂದೀನಿ. ನನಗಂತ ಇಟ್ಕೊಂಡಿದ್ದು. ನಾಳಿ ನನಗ ನೀನೇ ಸುತ್ತಬೇಕು."

ಈಗ ಸಂತೆಯಲ್ಲಿ ಸಿಕ್ಕರೆ ಖಾಲಾ ನನ್ನ ಮುಖ ನೋಡುವುದಿಲ್ಲ. ಕೈ ನೋಡುತ್ತಾರೆ.