ಬೀರುವಿನ ಗಾಜಿನಲ್ಲಿ ಕಂಡದ್ದು

ಮಾಗಡಿಯ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ನಾನು ಏಳು ವರ್ಷ ಕೆಲಸ ಮಾಡಿದೆ. ಬಸುರಿಯರು ಬಂದರೆ ಹೆಸರು, ಊರು, ಎಷ್ಟನೇ ಬಸಿರು ಎಂದು ಕೇಳಿ ಫಾರಂ ತುಂಬಬೇಕು. ಆಧಾರ್ ಕಾರ್ಡಿನ ಜೆರಾಕ್ಸ್ ಇಟ್ಟುಕೊಂಡು ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿಸಬೇಕು. ಆಮೇಲೆ ಒಳಗೆ ಕರೆದುಕೊಂಡು ಹೋಗಿ ಮಲಗಿಸಿ ಹೊಟ್ಟೆಗೆ ಜೆಲ್ ಹಚ್ಚಬೇಕು. ತಿಪ್ಪಸಂದ್ರದಿಂದ ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುವ ತನಕ ಇಷ್ಟೇ.

ಒಳಗಿನ ಕೋಣೆಗೆ ಕಿಟಕಿ ಇರಲಿಲ್ಲ. ಹೊರಗೆ ಎಂಥ ಬಿಸಿಲಿದ್ದರೂ ಅಲ್ಲಿ ಯಾವಾಗಲೂ ಮುಸ್ಸಂಜೆ. ಮಿಷನ್ನಿನ ಸಣ್ಣ ಸದ್ದು, ನಮ್ಮ ಮನೆಯಲ್ಲಿ ರೇಷ್ಮೆಹುಳು ಸೊಪ್ಪು ತಿನ್ನುವಾಗ ಕೇಳಿಸುವಂಥದ್ದು, ಬಿಡದೆ ಬರುತ್ತಿತ್ತು. ಅದರ ನಡುವೆ ಒಂದು ಹೊಸ ಜೀವದ ಎದೆಬಡಿತ ಕೇಳಿದಾಗ ಯಾರೋ ಪುಟ್ಟ ಹೆಜ್ಜೆ ಇಡುತ್ತ ದೂರದಿಂದ ಓಡಿ ಬರುತ್ತಿದ್ದಾರೆ ಅನ್ನಿಸುತ್ತಿತ್ತು. ಆ ಕೋಣೆಯಿಂದ ಹೊರಗೆ ಬಂದರೆ ನನಗೆ ನಿದ್ದೆಯಿಂದ ಎದ್ದಹಾಗೆ ಆಗುತ್ತಿತ್ತು, ದಿನಕ್ಕೆ ಹದಿನೈದು ಸಲವಾದರೂ.

ಸೇರಿದ ಮೊದಲ ದಿನವೇ ಡಾಕ್ಟರಮ್ಮ ನನ್ನನ್ನು ಕೂರಿಸಿಕೊಂಡು ರೂಲ್ಸು ಹೇಳಿದ್ದರು. ಒಳಗೆ ನೋಡಿದ್ದನ್ನು ಹೊರಗೆ ಆಡಬಾರದು. ಬಂದವರ ಮುಂದೆ ನಗಬಾರದು. ದೇವರ ಹೆಸರು ಎತ್ತಬಾರದು. ಯಾರು ಸಿಹಿ ಕೊಟ್ಟರೂ ತಗೋಬಾರದು.

"ದೇವರ ಹೆಸರು ಯಾಕೆ ಎತ್ತಬಾರದು ಮೇಡಂ?" ಎಂದೆ.

"ಕೆಲವು ಕಡೆ ಗಂಡು ದೇವರ ಹೆಸರು ಹೇಳಿದರೆ ಗಂಡು, ಅಮ್ಮನವರ ಹೆಸರು ಹೇಳಿದರೆ ಹೆಣ್ಣು ಅಂತ ಅರ್ಥ ಮಾಡ್ಕೊಂಡಿದ್ರು. ಲಾಡು ಕೊಟ್ಟರೆ ಒಂದು, ಪೇಡ ಕೊಟ್ಟರೆ ಇನ್ನೊಂದು. ಕಾನೂನು ಬಾಯಿಗೆ ಬೀಗ ಹಾಕ್ತು, ಜನ ಪೇಡದಲ್ಲಿ ಮಾತಾಡಿದ್ರು. ಅದಕ್ಕೇ ನನ್ನ ರೂಲ್ಸು ಕಾನೂನಿಗಿಂತ ಒಂದು ಗೇಣು ಮುಂದಕ್ಕಿದೆ."

ಕಾನೂನು ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿತ್ತು: ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ, ಅದು ಶಿಕ್ಷಾರ್ಹ ಅಪರಾಧ. ಅದನ್ನು ಒಪ್ಪುವುದು ನನಗೆ ಕಷ್ಟವಾಗಲಿಲ್ಲ. ಮೇಡಂ ಹಾಕಿದ ರೂಲ್ಸಿಗೆ ಒಗ್ಗುವುದೇ ಕಷ್ಟವಾಯಿತು. ನಮ್ಮ ಮನೆಗೆ ಬಸುರಿ ಬಂದರೆ ಕುಂಕುಮ ಕೊಟ್ಟು, ಸುಖವಾಗಿ ಹೆತ್ತು ಬಾ ತಾಯಿ ಎಂದು ತಲೆ ಸವರಿ ಕಳಿಸುವುದು ವಾಡಿಕೆ. ಇಲ್ಲಿ ನಾನು ಕಲ್ಲಿನ ಹಾಗೆ ನಿಂತು "ಮುಂದಿನವರು ಬನ್ನಿ" ಎನ್ನಬೇಕು. ಅವ್ವನಿಗೆ ಹೇಳಿದರೆ ರೊಟ್ಟಿ ತಟ್ಟುವ ಕೈ ನಿಲ್ಲಿಸಿ, "ಅದ್ಯಾವ ಸೀಮೆ ಕೆಲ್ಸವ್ವ, ಬಸ್ರಿಗೆ ಒಂದೊಳ್ಳೆ ಮಾತಾಡಾಂಗಿಲ್ವಾ?" ಎಂದಿದ್ದಳು.

ಮಿಷನ್ನಿನ ಪರದೆ ಮೇಡಂ ಕಡೆಗೆ ತಿರುಗಿರುತ್ತಿತ್ತು. ಮಂಚದ ಈಚೆ ನಿಂತ ನನಗೆ ಅದರ ಬೆನ್ನು ಮಾತ್ರ ಕಾಣಬೇಕು. ಆದರೆ ಮೇಡಂ ಹಿಂದೆ ಹಳೆಯ ಫಾರಂಗಳನ್ನು ಜೋಡಿಸಿಟ್ಟ ಒಂದು ಬೀರು ಇತ್ತು, ಗಾಜಿನ ಬಾಗಿಲಿನದು. ಕತ್ತಲಲ್ಲಿ ಪರದೆಯ ಬೆಳಕೆಲ್ಲ ಆ ಗಾಜಿಗೆ ಬಂದು ಬೀಳುತ್ತಿತ್ತು. ಮೊದಲ ವರ್ಷ ನನಗೆ ಅದರಲ್ಲಿ ಬರೀ ಮೋಡ ಕಂಡಿತು, ಮಾರ್ಗಶಿರದಲ್ಲಿ ಸಾವನದುರ್ಗದ ಮೇಲೆ ಕೂರುತ್ತದಲ್ಲ, ಅಂಥದ್ದು. ಎರಡನೇ ವರ್ಷ ಮೋಡದೊಳಗಿಂದ ತಲೆ, ಮಣಿ ಪೋಣಿಸಿದಂಥ ಬೆನ್ನುಮೂಳೆ, ಒಂದು ಪಾದ ತೇಲಿ ಬರತೊಡಗಿದವು. ಆಮೇಲೆ ಗಂಡು ಯಾವುದು ಹೆಣ್ಣು ಯಾವುದು ಎನ್ನುವುದೂ ತಿಳಿಯುತ್ತದೆ ಎಂದು ನನಗೆ ಅನ್ನಿಸಿತು. ಯಾರೂ ಕಲಿಸಿರಲಿಲ್ಲ. ಬಸ್ಸಿನಲ್ಲಿ ಯಾರೋ ಇಂಥವರಿಗೆ ಹೆರಿಗೆಯಾಯಿತು ಎಂದು ಹೇಳಿದಾಗ ನಾನು ಅಂದುಕೊಂಡಿದ್ದೇ ನಿಜವಾಗಿರುತ್ತಿತ್ತು. ಕಿಟಕಿಯ ಕಡೆ ಮುಖ ಮಾಡಿಕೊಂಡು ಒಳಗೊಳಗೇ ಹಿಗ್ಗುತ್ತಿದ್ದೆ. ಯಾರಿಗೂ ಹೇಳುತ್ತಿರಲಿಲ್ಲ, ಆದ್ದರಿಂದ ತಪ್ಪು ಮಾಡುತ್ತಿದ್ದೇನೆ ಅನ್ನಿಸಿರಲಿಲ್ಲ. ಹೇಳಬಾರದು ಎಂದು ಗೋಡೆಯ ಮೇಲಿತ್ತು. ನೋಡಬಾರದು ಎಂದು ಎಲ್ಲೂ ಬರೆದಿರಲಿಲ್ಲ.

ನಾಲ್ಕನೇ ವರ್ಷದ ಚಳಿಗಾಲ. ಹತ್ತು ಗಂಟೆಯಾದರೂ ರಸ್ತೆಯ ಮಂಜು ಕರಗಿರಲಿಲ್ಲ. ಗುಡೇಮಾರನಹಳ್ಳಿ ಕಡೆಯಿಂದ ಒಬ್ಬಳು ತನ್ನ ಅತ್ತೆಯ ಜೊತೆ ಐದನೇ ತಿಂಗಳ ಸ್ಕ್ಯಾನಿಂಗಿಗೆ ಬಂದಳು. ಇಪ್ಪತ್ತೈದು ಇಪ್ಪತ್ತಾರು ಇರಬಹುದು. ಎಷ್ಟನೇದು ಎಂದೆ. ಎರಡನೇದು ಎಂದಳು. ಫಾರಂನಲ್ಲಿ ಇರುವ ಮಕ್ಕಳ ವಿವರ ಬರೆಯಲು ಜಾಗವಿದೆ. ಮೊದಲನೆಯ ಮಗುವಿಗೆ ಎಷ್ಟು ವರ್ಷ ಎಂದು ಕೇಳಿದೆ.

"ಹೆಣ್ಮಗು. ಎರಡೂವರೆ ವರ್ಸ ಇತ್ತು. ಜ್ವರ ಬಂದು ಹೋಗ್ಬುಡ್ತು," ಎಂದಳು.

ನಾನು ಆ ಜಾಗದಲ್ಲಿ ಒಂದು ಅಡ್ಡಗೀಟು ಎಳೆದೆ. ಅವಳು ಪೆನ್ನನ್ನೇ ನೋಡುತ್ತಿದ್ದಳು. "ಅಷ್ಟೇನಾ ಬರಿಯಾದು?" ಎಂದಳು. ನಾನು ಸಹಿ ಹಾಕುವ ಜಾಗ ತೋರಿಸಿದೆ.

ಒಳಗೆ ಮೇಡಂ ಎಂದಿನಂತೆ ಮಾತಿಲ್ಲದೆ ಕೆಲಸ ಮಾಡಿದರು. ನಾನು ಎಂದಿನಂತೆ ಗಾಜು ನೋಡಿದೆ. ಮಗು ಒಂದು ಕೈ ಹಣೆಗಿಟ್ಟುಕೊಂಡು ತೇಲುತ್ತಿತ್ತು, ಮೆಲ್ಲಗೆ ಮಗ್ಗುಲಾಯಿತು. ಹೆಣ್ಣು ಅಂದುಕೊಂಡೆ. ನನಗೆ ಸಂಶಯವೇ ಬರಲಿಲ್ಲ.

ರಿಪೋರ್ಟು ಬರಲು ಇಪ್ಪತ್ತು ನಿಮಿಷ ಕಾಯಬೇಕಿತ್ತು. ಅತ್ತೆ ಎದುರಿನ ಮೆಡಿಕಲ್ ಸ್ಟೋರಿಗೆ ಮಾತ್ರೆ ತರಲು ಹೋದರು. ಬೆಂಚಿನ ಮೇಲೆ ಬೇರೆ ಯಾರೂ ಇರಲಿಲ್ಲ. ಅವಳು ಎದ್ದು ನನ್ನ ಮೇಜಿನ ಹತ್ತಿರ ಬಂದಳು.

"ಅಕ್ಕ, ಒಂದ್ ಮಾತು ಕೇಳ್ಲಾ? ಬೈಬ್ಯಾಡಿ."

ನಾನು ಗೋಡೆಯ ಬೋರ್ಡು ತೋರಿಸಿದೆ.

"ಓದಿದ್ದೀನಿ ಅಕ್ಕ. ನಾನೂ ಪಿಯುಸಿ ಮಾಡಿವ್ನಿ. ಅದಕ್ಕಲ್ಲ ಕೇಳ್ತಿರಾದು. ಯಾವ್ದಾದ್ರೂ ಸಾಕ್ತೀವಿ. ಮಗು ಹೋದ್ಮೇಲೆ ಒಂದಿನ ನಮ್ಮತ್ತೆ ಕನಸಲ್ಲಿ ಬಂದಿತ್ತಂತೆ. ಅಜ್ಜಿ, ನಾನು ಬತ್ತೀನಿ, ನನ್ ಬಟ್ಟೆ ಯಾರ್ಗೂ ಕೊಡ್ಬ್ಯಾಡ ಅಂತಂತೆ. ಅವ್ರು ಹುಟ್ಟಿದಾಗಿನ ಬಟ್ಟೆನೂ ಸೇರಿ ಎಲ್ಲ ಒಗ್ದು ಮಡ್ಚಿ ಟ್ರಂಕಲ್ಲಿ ಮಡ್ಗವ್ರೆ. ಬತ್ತಾ ಇರಾದು ಅವ್ಳೇನಾ ಅಂತ, ಅಷ್ಟೇಯಾ. ನೀವು ಬಾಯಲ್ಲಿ ಏನೂ ಹೇಳ್ಬ್ಯಾಡಿ. ಒಸಿ ನಕ್ಕುಬುಡಿ, ಸಾಕು."

ಒಂದು ನಗು. ಅದರಿಂದ ಯಾರಿಗೇನು ಕೆಡುತ್ತಿತ್ತು? ಕೊಡಬೇಕು ಎಂದು ನನ್ನ ಜೀವವೆಲ್ಲ ಎಳೆಯಿತು. ಕೊಡದೆ ಇರುವುದೇ ಪಾಪ ಅನ್ನಿಸಿತು. ಅದೇ ಗಳಿಗೆಯಲ್ಲಿ ಇನ್ನೊಂದು ಯೋಚನೆಯೂ ಬಂತು: ಈ ಕತೆ ಅತ್ತೆ ಹೇಳಿಕೊಟ್ಟು ಕಳಿಸಿದ್ದಾದರೆ? ಅವಳ ಮುಖದಲ್ಲಿ ಸುಳ್ಳಿರಲಿಲ್ಲ. ಆದರೆ ಮುಖ ನೋಡಿ ಅಳೆಯುವಷ್ಟು ನಾನು ದೊಡ್ಡವಳೂ ಅಲ್ಲ. ಫಾರಂಗಳ ಮೇಲೆ ತಲೆ ಬಗ್ಗಿಸಿ, "ನಂಗೆ ಗೊತ್ತಾಗಲ್ಲ ಕಣವ್ವ. ನಾನು ನೋಡೇ ಇಲ್ಲ," ಎಂದೆ.

"ಆಯ್ತು ಬುಡಿ ಅಕ್ಕ," ಎಂದು ಹೋಗಿ ಕುಳಿತಳು.

ಅತ್ತೆ ಮಾತ್ರೆಯ ಜೊತೆ ಬಾಳೆಹಣ್ಣು ತಂದಿದ್ದರು. ಹೊರಡುವಾಗ ನನ್ನ ಮೇಜಿನ ಮೇಲೂ ಎರಡು ಇಟ್ಟು, "ತಿನ್ನವ್ವ, ಬೆಳಗ್ಗಿಂದ ನಿಂತೇ ಇದ್ದೀಯ," ಎಂದರು. ಹಣ್ಣು ಸಿಹಿಯ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ತಿಳಿಯದೆ ಸುಮ್ಮನೆ ನೋಡುತ್ತ ನಿಂತೆ.

ಆ ದಿನವೆಲ್ಲ ಮನಸ್ಸಿಗೆ ಸಮಾಧಾನವಿರಲಿಲ್ಲ. ಕಾನೂನು ಮುರಿಯಲಿಲ್ಲ, ರೂಲ್ಸು ಮುರಿಯಲಿಲ್ಲ, ಆದರೂ ಮಗು ಕಳೆದುಕೊಂಡವಳ ಎದುರು ಸುಳ್ಳು ಹೇಳಿದ್ದೆ. ಸಾಯಂಕಾಲ ಮೇಡಂ ಕೈ ತೊಳೆದು ಟೀ ಕುಡಿಯುವಾಗ ನಡೆದದ್ದನ್ನೆಲ್ಲ ಹೇಳಿದೆ.

ಅವರು ಮೊದಲು ಕೇಳಿದ್ದು ಒಂದೇ ಮಾತು. "ನಿನಗೆ ಗೊತ್ತಿತ್ತಾ?"

ನಾನು ಬೀರುವಿನ ಕಡೆ ಕೈ ತೋರಿಸಿದೆ. ಅವರು ಎದ್ದು ಒಳಗೆ ಹೋಗಿ, ನಾನು ನಿಲ್ಲುವ ಜಾಗದಲ್ಲಿ ನಿಂತು, ಆ ಗಾಜನ್ನು ಬಹಳ ಹೊತ್ತು ನೋಡಿದರು. ವಾಪಸು ಬಂದಾಗ ಮುಖ ಸಪ್ಪಗಿತ್ತು. "ಇದನ್ನ ನಾನು ನೋಡ್ಕೋಬೇಕಿತ್ತು," ಎಂದರು. ಟೀ ಲೋಟ ಮತ್ತೆ ಕೈಗೆತ್ತಿಕೊಂಡು, "ನೀನೂ ಮೊದಲೇ ಹೇಳಬೇಕಿತ್ತು," ಎಂದರು. ಅದಕ್ಕಿಂತ ಹೆಚ್ಚು ಬೈಯಲಿಲ್ಲ.

"ಗೊತ್ತಿಲ್ಲ ಅಂತ ಯಾಕೆ ಅಂದೆ? ಹೇಳಲ್ಲ ಅನ್ನಬಹುದಿತ್ತು."

"ಹೇಳಲ್ಲ ಅಂದ್ರೆ ಗೊತ್ತು ಅಂತ ಆಯ್ತದಲ್ಲ ಮೇಡಂ. ಆಮೇಲೆ ನನ್ನ ಮುಖವನ್ನೇ ಓದ್ತಾ ಕೂತ್ಕೋತಿದ್ಲು. ಆದ್ರೂ, ಪಾಪ, ಅವಳು ಕೇಳಿದ್ದು ಕೆಟ್ಟದಕ್ಕಲ್ಲ."

"ಇರಬಹುದು. ಆದರೆ ಒಳ್ಳೆ ಉದ್ದೇಶ ಇರೋರೂ ಕೆಟ್ಟ ಉದ್ದೇಶ ಇರೋರೂ ಇಲ್ಲಿಗೆ ಬಂದು ಇಂಥದೇ ಮಾತು ಆಡ್ತಾರೆ. ಯಾರು ಯಾರು ಅಂತ ಬೇರೆ ಮಾಡೋಕೆ ಇಷ್ಟು ವರ್ಷ ಆದರೂ ನನಗೆ ಬಂದಿಲ್ಲ. ಅದಕ್ಕೇ ಕಾನೂನು ಇಬ್ಬರಿಗೂ ಒಂದೇ ಉತ್ತರ ಕೊಡುತ್ತೆ. ಒಳ್ಳೆಯವರಿಗೆ ಅದರಿಂದ ನೋವಾಗುತ್ತೆ. ಆ ನೋವಿಗೆ ಕಾನೂನಿನ ಹತ್ತಿರ ಔಷಧಿ ಇಲ್ಲ." ಟೀ ಲೋಟ ಕೆಳಗಿಟ್ಟು, "ನಾವೇ ಏನಾದರೂ ಹುಡುಕಬೇಕು," ಎಂದರು.

ಮಾರನೆಯ ದಿನ ನಾನು ಹೋಗುವಷ್ಟರಲ್ಲಿ ಬೀರುವಿನ ಗಾಜಿಗೆ, ಮಕ್ಕಳ ಪುಸ್ತಕಕ್ಕೆ ಬೈಂಡು ಹಾಕುವ ಕಂದು ಕಾಗದ ಅಂಟಿಸಿತ್ತು. ಅವರೇ ಅಂಟಿಸಿದ್ದರು, ಒಂದು ಮೂಲೆ ಸೊಟ್ಟಗಿತ್ತು. ಕೋಣೆ ಇನ್ನಷ್ಟು ಕತ್ತಲಾಯಿತು. ಆಮೇಲೆ ನನಗೆ ಮೋಡ ಕಾಣಲಿಲ್ಲ, ಪಾದ ಕಾಣಲಿಲ್ಲ. ಕೆಲವು ದಿನ ಏನನ್ನೋ ಕಳೆದುಕೊಂಡಂತೆ ಇತ್ತು.

ಎಂಟನೇ ತಿಂಗಳಲ್ಲಿ ಅವಳು ಮತ್ತೆ ಬಂದಳು. ಒಬ್ಬೊಬ್ಬರಿಗೆ ಹತ್ತು ನಿಮಿಷ, ಜೊತೆಗೆ ಬಂದವರು ಒಳಗೆ ಬರುವಹಾಗಿಲ್ಲ ಎನ್ನುವುದು ನಮ್ಮ ಪದ್ಧತಿ. ಅವತ್ತು ಮೇಡಂ, "ಅವರ ಅತ್ತೆಯನ್ನೂ ಕರಿ," ಎಂದರು. ನಾನು ಹಿಂದೆಮುಂದೆ ನೋಡಿದೆ. "ಆ ರೂಲ್ಸು ಮಾಡಿದ್ದು ನಾನೇ, ಕರಿ," ಎಂದರು.

ಅತ್ತೆ ಚಪ್ಪಲಿ ಹೊರಗೆ ಬಿಟ್ಟು ಬಂದು ಪರದೆಬಟ್ಟೆಯ ಪಕ್ಕ ನಿಂತರು. ಮೇಡಂ ಸದ್ದನ್ನು ಜೋರು ಮಾಡಿದರು. ಎದೆಬಡಿತ ಕೋಣೆಯ ತುಂಬ ತುಂಬಿಕೊಂಡಿತು. ಮಲಗಿದ್ದವಳು ಕಣ್ಣು ಮುಚ್ಚಿದ್ದಳು. ಹೊರಗೆ ಯಾರೋ ಎರಡು ಸಲ ಬಾಗಿಲು ತಟ್ಟಿದರು, ಮೇಡಂ ತಿರುಗಿಯೂ ನೋಡಲಿಲ್ಲ. ಅತ್ತೆ ಸೆರಗಿನಿಂದ ಬಾಯಿ ಒತ್ತಿಕೊಂಡು, "ಎಂಗ್ ಓಡ್ಬತ್ತಾ ಐತೆ," ಎಂದು ತಮಗೆ ತಾವೇ ಹೇಳಿಕೊಂಡರು.

ಹೆರಿಗೆ ಎಲ್ಲಾಯಿತೋ, ಏನಾಯಿತೋ ನನಗೆ ಗೊತ್ತಾಗಲಿಲ್ಲ. ದೀಪಾವಳಿ ಕಳೆದ ಮೇಲೆ ಒಂದು ಸಂಜೆ ಮಾಗಡಿ ಬಸ್ ಸ್ಟ್ಯಾಂಡಿನಲ್ಲಿ ಅತ್ತೆ ಸೊಸೆ ಇಬ್ಬರೂ ಸಿಕ್ಕರು. ಸೊಸೆಯ ಸೊಂಟದ ಮೇಲೆ ಆರು ತಿಂಗಳ ಮಗು. ಹಳದಿ ಹೂವಿನ ಫ್ರಾಕು, ತಲೆಗೆ ಗುಲಾಬಿ ಟೋಪಿ. ಹಳೆಯ ಹೆಮ್ಮೆ ಒಂದು ಕ್ಷಣ ಮೇಲೆದ್ದಿತು.

"ಬಂದ್ಲಾ?" ಎಂದೆ.

"ಗಂಡು ಕಣಕ್ಕ," ಎಂದು ನಕ್ಕಳು. "ಅತ್ತೆ ಮಡ್ಗಿದ್ ಬಟ್ಟೆ. ಟ್ರಂಕಲ್ಲಿ ಸುಮ್ನೆ ಯಾಕಿರ್ಬೇಕು ಅಂತ ಹಾಕ್ತೀವಿ."

ನಾನು ಪಕ್ಕದ ಸಿಮೆಂಟು ಬೆಂಚಿನ ಮೇಲೆ ಕುಳಿತೆ. ಮಗು ಫ್ರಾಕಿನ ಅಂಚನ್ನು ಬಾಯಿಗೆ ತುರುಕಿಕೊಳ್ಳುತ್ತಿತ್ತು. ಅತ್ತೆಯನ್ನು, "ಬೇಜಾರಾಯ್ತಾ ಅಮ್ಮ?" ಎಂದು ಕೇಳಿದೆ.

"ಹುಟ್ಟಿದ್ ದಿನ ಒಸಿ ಕಣ್ಣೀರ್ ಹಾಕ್ದೆ. ಆಮ್ಯಾಕೆ ಇವ್ನು ನನ್ ಬೆಳ್ಳು ಇಡ್ಕಂಡ. ಬುಡ್ಲೇ ಇಲ್ಲ. ಇನ್ನೇನ್ ಮಾಡಾದವ್ವ," ಎಂದರು.

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಅತ್ತೆ ಬಸ್ಸು ಕೇಳಲು ಆಚೆ ಹೋದಾಗ ಅವಳಿಗೆ ಹೇಳಿಬಿಟ್ಟೆ. "ಅವತ್ತು ನಾನು ಸುಳ್ಳು ಹೇಳ್ದೆ ಕಣವ್ವ. ನೋಡಿದ್ದೆ. ಹೆಣ್ಣು ಅಂತ ಅಂದ್ಕೊಂಡಿದ್ದೆ. ಸದ್ಯ, ನಗಲಿಲ್ಲ."

ಅವಳು ಮಗುವಿನ ಟೋಪಿ ಸರಿಮಾಡುತ್ತ, "ನೀವು ನಗ್ಲಿಲ್ಲ. ಆದ್ರೆ ತಲೆ ಬಗ್ಗುಸ್ದಾಗ ಫಾರಂ ಮ್ಯಾಲೆ ಒಂದ್ ಹನಿ ಕಣ್ಣೀರ್ ಬಿತ್ತಲ್ಲ ಅಕ್ಕ," ಎಂದಳು. "ಅವ್ಳೇ ಬತ್ತಾ ಇರಾದ್ಕೆ ಅತ್ರಿ ಅಂತ, ನಾನು ಹೆಣ್ಣೇ ಅಂದ್ಕಂಡೆ. ಅತ್ತೆಗೂ ಯೋಳ್ದೆ."

ಕ್ಷಮಿಸು ಎನ್ನಬೇಕೆಂದುಕೊಂಡೆ. ಅವಳೇ ಮುಂದುವರಿದಳು. "ಬ್ಯಾಸ್ರ ಮಾಡ್ಕಬ್ಯಾಡಿ. ಆ ನಾಕು ತಿಂಗ್ಳು ಅವ್ಳು ನಮ್ಮನೇಲೇ ಇದ್ಲು. ದಿನಾ ಮಾತಾಡ್ತಿದ್ದೆ. ಚೆನ್ನಾಗಿತ್ತಕ್ಕ."

ಅಷ್ಟರಲ್ಲಿ ಬಸ್ಸು ಬಂತು. ಅತ್ತೆ ಕೈ ಬೀಸಿ ಕರೆದರು, ಅವಳು ಮಗುವನ್ನು ಎದೆಗೆ ಅವಚಿಕೊಂಡು ಹತ್ತಿದಳು. ಜನರ ನಡುವೆ ಆ ಗುಲಾಬಿ ಟೋಪಿ ಸ್ವಲ್ಪ ಹೊತ್ತು ಕಂಡಿತು.

ಮೇಡಂಗೆ ಮಗು ಹುಟ್ಟಿದ ಸುದ್ದಿ ಹೇಳಿದೆ, ಗಂಡು ಎಂದೂ ಹೇಳಿದೆ. "ಗಾಜಲ್ಲಿ ಕಂಡದ್ದನ್ನ ನಂಬಿದ್ದೆಯಲ್ಲ," ಎಂದು ನಕ್ಕರು. ಫಾರಂ ಮೇಲೆ ಬಿದ್ದ ಹನಿಯ ಮಾತನ್ನು ಮಾತ್ರ ಹೇಳಲಿಲ್ಲ. ಅದಕ್ಕೆ ಯಾವ ರೂಲ್ಸು ಹಾಕುತ್ತಾರೆ ಎಂದು ಹೆದರಿದೆನೋ ಏನೋ. ಅವಳಿಗೆ ನಾನು ಕೇಡು ಮಾಡಿದೆನೋ ಒಳ್ಳೆಯದು ಮಾಡಿದೆನೋ ಈಗಲೂ ತಿಳಿಯದು. ಕೆಲಸ ಬಿಟ್ಟು ಊರಲ್ಲಿ ಬಟ್ಟೆ ಹೊಲಿಯುತ್ತಿದ್ದೇನೆ. ಮಧ್ಯಾಹ್ನ ಹೊಲಿಗೆ ಮಿಷನ್ನು ನಿಲ್ಲಿಸಿ ಕಣ್ಣು ಮುಚ್ಚಿದರೆ, ಯಾವುದೋ ಮನೆಯ ಜಗುಲಿಯಲ್ಲಿ ಒಬ್ಬಳು ತನ್ನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಇಲ್ಲದ ಮಗಳ ಜೊತೆ ಮೆಲ್ಲಗೆ ಮಾತಾಡುತ್ತಿರುವುದು ಕಾಣುತ್ತದೆ.